ಡಂಜನ್ ಮಾಸ್ಟರ್: ತೀರ್ಪು ಮತ್ತು ಕ್ಯಾಂಪೇನ್ ನಿರ್ವಹಣೆ

ಮೇಜಿನ ಸುತ್ತ ಕುಳಿತು ಮಾತು, ಕಾಗದ, ಪೆನ್ಸಿಲು ಮತ್ತು ದಾಳಗಳಿಂದ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟ ನಡೆಸಿಕೊಡುವವರು ಗೇಮ್ ಮಾಸ್ಟರ್. ಈ ಬಗೆಯಲ್ಲಿ ಮೊದಲು ಮಾರಾಟಕ್ಕೆ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಅವರ ಹೆಸರು ಡಂಜನ್ ಮಾಸ್ಟರ್, ಆಡುವವರ ಬಾಯಲ್ಲಿ ಡಿಎಂ. ಉಳಿದ ನಾಲ್ಕೈದು ಮಂದಿ ತಲಾ ಒಂದು ಪಾತ್ರ ವಹಿಸುತ್ತಾರೆ: ಒಬ್ಬರು ಯೋಧ, ಒಬ್ಬರು ಮಾಂತ್ರಿಕ, ಮತ್ತೊಬ್ಬರು ಕಳ್ಳ. ಆ ಪಾತ್ರಗಳನ್ನು ಬಿಟ್ಟು ಮಿಕ್ಕದ್ದೆಲ್ಲ ಡಿಎಂ ಪಾಲು. ಊರು, ಕಾಡು, ಛತ್ರದ ಒಡತಿ, ಗುಹೆಯ ಬಾಯಲ್ಲಿ ಕಾವಲು ನಿಂತ ಗಾಬ್ಲಿನ್‌ಗಳು, ನಾಳೆ ಬರುವ ಮಳೆ, ಎಲ್ಲವನ್ನೂ ಅವರೇ ಬಣ್ಣಿಸಬೇಕು. ಆಟಗಾರರು ಏನಾದರೂ ಮಾಡಹೊರಟರೆ ಅದು ಕೈಗೂಡಿತೇ ಇಲ್ಲವೇ ಎಂದು ಅವರೇ ಹೇಳಬೇಕು. ಅದೇ ಪಾತ್ರಗಳೊಂದಿಗೆ ವಾರದಿಂದ ವಾರಕ್ಕೆ, ಕೆಲವೊಮ್ಮೆ ವರ್ಷಗಟ್ಟಲೆ, ಮುಂದುವರಿಯುವ ಆಟಕ್ಕೆ ಕ್ಯಾಂಪೇನ್ ಎಂದು ಹೆಸರು.

ಕೈಪಿಡಿಗಳು ನಿಯಮಗಳ ತೀರ್ಪನ್ನು ಒಂದು ಅಧ್ಯಾಯದಲ್ಲೂ ಕ್ಯಾಂಪೇನ್ ನಿರ್ವಹಣೆಯನ್ನು ಇನ್ನೊಂದರಲ್ಲೂ ಇಡುತ್ತವೆ. ಆಡುವಾಗ ಇವೆರಡನ್ನು ಬಿಡಿಸಲಾಗದು. ಒಂದು ಸಂಜೆ ಕೊಟ್ಟ ತೀರ್ಪು ಆ ಲೋಕದ ಸಂಗತಿಯಾಗಿ ಉಳಿದುಬಿಡುತ್ತದೆ, ಆಟಗಾರರು ಮುಂದಿನ ಲೆಕ್ಕಾಚಾರವನ್ನೆಲ್ಲ ಅದರ ಮೇಲೆ ಕಟ್ಟುತ್ತಾರೆ. ಕಳೆದ ತಿಂಗಳು ಹಗ್ಗವಿಲ್ಲದೆ ಹತ್ತಬಹುದಾಗಿದ್ದ ಗೋಡೆಯನ್ನು ಈ ತಿಂಗಳು ಹತ್ತಲಾಗದು ಎಂದರೆ ಅವರ ಯೋಜನೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಒಳ್ಳೆಯ ಡಿಎಂಗೆ ಬೇಕಾದ ಗುಣಗಳಲ್ಲಿ ಕಲ್ಪನಾಶಕ್ತಿಗಿಂತ ಮೊದಲು ನಿಲ್ಲುವವು ನಿಷ್ಪಕ್ಷಪಾತ ಮತ್ತು ನೆನಪು.

ಅಂಪೈರ್‌ನ ವಂಶ

ಆಟದ ಮೇಜಿಗೆ ತೀರ್ಪುಗಾರ ಬಂದದ್ದು ಸೈನ್ಯದಿಂದ. ಪ್ರಷ್ಯಾದ ಗೆಯೋರ್ಗ್ ಲಿಯೊಪೋಲ್ಡ್ ಫಾನ್ ರೈಸ್‌ವಿಟ್ಸ್ 1812ರಲ್ಲಿ ದೊರೆಗೆ ಒಪ್ಪಿಸಿದ ಯುದ್ಧದಾಟವನ್ನು, ಫಿರಂಗಿದಳದಲ್ಲಿ ಅಧಿಕಾರಿಯಾಗಿದ್ದ ಆತನ ಮಗ ನಕ್ಷೆಯ ಮೇಲೆ ಆಡುವಂತೆ ತಿದ್ದಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದ. ಎರಡೂ ಪಕ್ಷದವರು ಆಜ್ಞೆಗಳನ್ನು ಬರೆದು ಅಂಪೈರ್ ಕೈಗೆ ಕೊಡುತ್ತಿದ್ದರು. ಅಂಪೈರ್ ದಾಳ ಹಾಕಿ, ಕೋಷ್ಟಕ ನೋಡಿ ಸಾವುನೋವಿನ ಲೆಕ್ಕ ಮಾಡುತ್ತಿದ್ದ. ಆಯಾ ಪಕ್ಷಕ್ಕೆ ರಣರಂಗದಲ್ಲಿ ಕಣ್ಣಿಗೆ ಬೀಳಬಹುದಾದಷ್ಟನ್ನು ಮಾತ್ರ ತಿಳಿಸುತ್ತಿದ್ದ. ಕೋಷ್ಟಕಗಳ ಹೊರೆಯಿಂದ ಆಟ ನಿಧಾನವಾಯಿತೆಂದು 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ಡು ವೆರ್ನ್ವಾ ಅವನ್ನೆಲ್ಲ ಬದಿಗಿಟ್ಟು, ಅನುಭವಿ ಅಂಪೈರ್‌ನ ವಿವೇಚನೆಗೇ ಬಿಡುವುದು ಲೇಸೆಂದು ವಾದಿಸಿದ. ಪುಸ್ತಕ ಮೇಲೋ ತೀರ್ಪುಗಾರ ಮೇಲೋ ಎಂಬ ಜಗಳ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಶುರುವಾಗಿತ್ತು.

ಅಮೆರಿಕದ ಸೇನಾಧಿಕಾರಿ ಚಾರ್ಲ್ಸ್ ಟಾಟನ್ 1880ರಲ್ಲಿ ಬರೆದ ‘ಸ್ಟ್ರಾಟೆಗೋಸ್’ ಎಂಬ ಯುದ್ಧದಾಟದ ಪುಸ್ತಕ ಮಿನೆಸೋಟದ ಡೇವಿಡ್ ವೆಸ್ಲಿಯ ಕೈಸೇರಿತು. ಆಟಗಾರ ಏನು ಬೇಕಾದರೂ ಮಾಡಲು ಯತ್ನಿಸಬಹುದು, ಫಲವನ್ನು ರೆಫರಿ ನಿರ್ಧರಿಸುತ್ತಾನೆ ಎಂಬ ತತ್ವವನ್ನು ವೆಸ್ಲಿ ಅದರಿಂದ ಪಡೆದ. 1969ರಲ್ಲಿ ಅವನು ನಡೆಸಿದ ‘ಬ್ರೌನ್‌ಸ್ಟೈನ್’ ಆಟದಲ್ಲಿ ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕರ್ ಮುಂತಾದ ಪಾತ್ರಗಳೂ ಇದ್ದವು. ಎಲ್ಲರೂ ತಮ್ಮ ತಮ್ಮಲ್ಲೇ ಸಂಚು ಹೂಡತೊಡಗಿ ಯುದ್ಧ ಶುರುವಾಗಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ಭಾವಿಸಿದರೆ, ಆಡಿದವರು ಇನ್ನೊಮ್ಮೆ ನಡೆಸು ಎಂದು ಬೆನ್ನುಬಿದ್ದರು. ಅವರಲ್ಲಿ ಒಬ್ಬನಾಗಿದ್ದ ಡೇವ್ ಆರ್ನೆಸನ್ 1971ರ ಹೊತ್ತಿಗೆ ‘ಬ್ಲ್ಯಾಕ್‌ಮೂರ್’ ಎಂಬ ಕಾಲ್ಪನಿಕ ನಾಡನ್ನು ಕಟ್ಟಿ, ಕೋಟೆಯ ಕೆಳಗಿನ ನೆಲಮಾಳಿಗೆಗಳಿಗೆ ಆಟಗಾರರನ್ನು ಇಳಿಸಿದ. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಅದನ್ನು ಆಡಿ ನೋಡಿದ ಗ್ಯಾರಿ ಗೈಗ್ಯಾಕ್ಸ್ ತನ್ನದೇ ‘ಗ್ರೇಹಾಕ್’ ಕ್ಯಾಂಪೇನ್ ಆರಂಭಿಸಿದ. ಇಬ್ಬರ ಹೆಸರಿನಲ್ಲೂ 1974ರಲ್ಲಿ ಟಿಎಸ್ಆರ್ ಸಂಸ್ಥೆಯಿಂದ ಆಟ ಹೊರಬಂತು. ಡಬ್ಬಿಯಲ್ಲಿ ಮೂರು ಪುಸ್ತಿಕೆಗಳು, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ.

ಆ ಪುಸ್ತಿಕೆಗಳು ಬಿಟ್ಟುಹೋದದ್ದೇ ಹೆಚ್ಚು. ಹೋರಾಟಕ್ಕೆ 1971ರ ‘ಚೈನ್‌ಮೇಲ್’ ಪುಸ್ತಕವನ್ನೂ ಕಾಡಿನ ಸಂಚಾರಕ್ಕೆ ಇನ್ನೊಂದು ಕಂಪನಿಯ ಬೋರ್ಡನ್ನೂ ಬಳಸಿ ಎಂದು ಹೇಳಿ, ಮಿಕ್ಕದ್ದನ್ನು ಓದುಗರ ಕಲ್ಪನೆಗೆ ಬಿಟ್ಟಿದ್ದವು. ಹಾಗಾಗಿ ಪ್ರತಿ ಊರಿನಲ್ಲೂ ಆಟ ಬೇರೆಯಾಯಿತು. ಸಮ್ಮೇಳನಗಳ ಪಂದ್ಯಗಳಲ್ಲಿ ಬೇರೆ ಬೇರೆ ಊರಿನವರು ಒಂದೇ ಮೇಜಿಗೆ ಕೂತಾಗ ಇದು ತೊಡಕಾಯಿತು. 1977ರಿಂದ 1979ರ ನಡುವೆ ಗೈಗ್ಯಾಕ್ಸ್ ಬರೆದ ‘ಅಡ್ವಾನ್ಸ್ಡ್’ ಆವೃತ್ತಿಯ ಮೂರು ಗ್ರಂಥಗಳು ಏಕರೂಪತೆ ತರುವ ಯತ್ನ. ಆಯುಧದ ಏಟು ತಗಲಿತೇ ಎಂದು ನೋಡುವ ಕೋಷ್ಟಕಗಳು 1978ರ ಆಟಗಾರರ ಪುಸ್ತಕದಲ್ಲಿ ಇರಲಿಲ್ಲ. 1979ರ ಡಿಎಂ ಪುಸ್ತಕದಲ್ಲಿ ಮಾತ್ರ ಇದ್ದವು. ನಿಯಮ ಅಂಪೈರ್‌ನ ಸ್ವತ್ತು ಎಂಬ ಹಳೆಯ ಭಾವನೆ ಇನ್ನೂ ಹೋಗಿರಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಅದೇ ವರ್ಷ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ‘ಸೇಜ್ ಅಡ್ವೈಸ್’ ಎಂಬ ಪ್ರಶ್ನೋತ್ತರ ಅಂಕಣವನ್ನು ಜೀನ್ ವೆಲ್ಸ್ ಆರಂಭಿಸಿದರು. ಮುಂದೆ ಬಹುಕಾಲ ಅದನ್ನು ಸ್ಕಿಪ್ ವಿಲಿಯಮ್ಸ್ ನಡೆಸಿದರು.

1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಟಿಎಸ್ಆರ್ ಅನ್ನು ಕೊಂಡುಕೊಂಡಿತು. ಅದು 2000ದಲ್ಲಿ ತಂದ ಮೂರನೆಯ ಆವೃತ್ತಿ ಬಹುತೇಕ ಎಲ್ಲ ಸಂದರ್ಭಕ್ಕೂ ಬರೆದಿಟ್ಟ ನಿಯಮ ಕೊಟ್ಟು, ಅವನ್ನೆಲ್ಲ ಆಟಗಾರರ ಕೈಗೂ ಇತ್ತಿತು. 2014ರ ಐದನೆಯ ಆವೃತ್ತಿ ಡಿಎಂ ವಿವೇಚನೆಯ ಕಡೆಗೆ ಮತ್ತೆ ವಾಲಿತು. 2024ರಲ್ಲಿ ಅದರ ಪರಿಷ್ಕೃತ ರೂಪ ಬರತೊಡಗಿತು.

ತೀರ್ಪು ಕೊಡುವ ಬಗೆ

ಈಗಿನ ಆಟದ ಬೆನ್ನೆಲುಬು 20 ಮುಖದ ದಾಳ. ಬಿದ್ದ ಅಂಕಿಗೆ ಪಾತ್ರದ ಸಾಮರ್ಥ್ಯದ ಅಂಕಿ ಕೂಡಿಸಿ, ಡಿಎಂ ನಿಗದಿಪಡಿಸಿದ ಗುರಿ ಮುಟ್ಟಿದರೆ ಗೆಲುವು. ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20 ಎಂದು ಐದನೆಯ ಆವೃತ್ತಿಯ ಅಳತೆ. 5 ಕೂಡಿಸುವ ಪಾತ್ರಕ್ಕೆ 15ರ ಗುರಿ ಇಟ್ಟರೆ ಗೆಲ್ಲುವ ಸಾಧ್ಯತೆ ನೂರಕ್ಕೆ 55. ಅನುಕೂಲ ಸ್ಥಿತಿಯೆಂದು ಎರಡು ದಾಳ ಹಾಕಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಟ್ಟರೆ ಅದು ಸುಮಾರು 80ಕ್ಕೆ ಏರುತ್ತದೆ. ಪ್ರತಿಕೂಲವೆಂದು ಚಿಕ್ಕದನ್ನು ಇಟ್ಟುಕೊಳ್ಳಲು ಹೇಳಿದರೆ 30ಕ್ಕೆ ಇಳಿಯುತ್ತದೆ. ಡಿಎಂ ಆದವರಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕು, ಏಕೆಂದರೆ ನೋಡಲು ಸಣ್ಣದಾದ ತೀರ್ಪೂ ಸಾಧ್ಯತೆಯನ್ನು ಬುಡಮೇಲು ಮಾಡಬಲ್ಲದು. ಐವರು ಕಾವಲುಗಾರರ ಕಣ್ಣುತಪ್ಪಿಸಿ ನುಸುಳಬೇಕು ಎನ್ನೋಣ, ಪ್ರತಿಯೊಬ್ಬರಿಗೂ 55ರ ಸಾಧ್ಯತೆ. ಎಲ್ಲರೂ ಗೆಲ್ಲಲೇಬೇಕೆಂದು ಹೇಳಿದರೆ ತಂಡ ಪಾರಾಗುವ ಸಾಧ್ಯತೆ ನೂರಕ್ಕೆ 5 ಮಾತ್ರ. ಅರ್ಧದಷ್ಟು ಜನ ಗೆದ್ದರೆ ತಂಡವೇ ಗೆದ್ದಂತೆ ಎಂಬ ಗುಂಪು ಪರೀಕ್ಷೆಯ ನಿಯಮ ಹಿಡಿದರೆ 59. ತಮ್ಮ ಆಟಗಾರರು ಎಂದೂ ಉಪಾಯದಿಂದ ಹೋಗುವುದಿಲ್ಲ, ಸದಾ ಕತ್ತಿ ಹಿರಿಯುತ್ತಾರೆ ಎಂದು ದೂರುವ ಡಿಎಂಗಳು ಮೊದಲು ಈ ಲೆಕ್ಕ ನೋಡಬೇಕು. ಬಹಳ ಸಲ ಉಪಾಯದ ಬಾಗಿಲನ್ನು ಮುಚ್ಚಿದವರು ಅವರೇ ಆಗಿರುತ್ತಾರೆ.

ನಿಯಮದ ಪ್ರಶ್ನೆಗಳಲ್ಲಿ ಮೂರು ಬಗೆಯ ಓದು ಇದೆ ಎಂದು 2015ರಲ್ಲಿ ಸೇಜ್ ಅಡ್ವೈಸ್ ಅಂಕಣವನ್ನು ಮತ್ತೆ ಹಿಡಿದ ಜೆರೆಮಿ ಕ್ರಾಫರ್ಡ್ ವಿವರಿಸಿದರು: ಬರೆದ ಅಕ್ಷರ ಏನು ಹೇಳುತ್ತದೆ, ಬರೆದವರ ಉದ್ದೇಶ ಏನಿತ್ತು, ಮೇಜಿನ ಸುತ್ತ ಯಾವುದು ಹಿತ. ಅನೇಕ ಪ್ರಶ್ನೆಗಳು ಅಕ್ಷರದಲ್ಲೇ ಮುಗಿಯುತ್ತವೆ. 20 ಬಿದ್ದರೆ ತನ್ನಷ್ಟಕ್ಕೆ ಗೆಲುವು ಎಂಬುದು 2014ರ ಪುಸ್ತಕದಲ್ಲಿ ಆಯುಧದ ಏಟಿಗೆ ಸಲ್ಲುತ್ತದೆ, ರಾಜನನ್ನು ಮಾತಿನಲ್ಲಿ ಒಲಿಸುವ ಪರೀಕ್ಷೆಗೆ ಸಲ್ಲದು. ಎಷ್ಟು ಅನುಕೂಲಗಳಿದ್ದರೂ ಒಂದೇ ಪ್ರತಿಕೂಲ ಅವೆಲ್ಲವನ್ನೂ ರದ್ದು ಮಾಡುತ್ತದೆ. ಮನಸ್ಸು ಕೇಂದ್ರೀಕರಿಸಿ ಹಿಡಿದ ಮಂತ್ರದ ನಡುವೆ ಏಟು ಬಿದ್ದರೆ 10 ಅಥವಾ ನೋವಿನ ಅರ್ಧ, ಯಾವುದು ಹೆಚ್ಚೋ ಅದು ಗುರಿ. ಇಂಥವಕ್ಕೆ ಪುಟ ತಿರುವಿದರೆ ಸಾಕು.

ಕಷ್ಟದವು ಬೇರೆ. ಫೈರ್‌ಬಾಲ್ ಮಂತ್ರದ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 20 ಅಡಿ ತ್ರಿಜ್ಯದ ಬೆಂಕಿಯ ಗೋಳ ಅದು. 1989ರ ಎರಡನೆಯ ಆವೃತ್ತಿಯವರೆಗೆ, ಇಕ್ಕಟ್ಟಿನ ಜಾಗದಲ್ಲಿ ಸಿಡಿದರೆ ಅದೇ ಘನಗಾತ್ರ ತುಂಬುವವರೆಗೆ ಹರಡುತ್ತದೆ ಎಂಬ ನಿಯಮವಿತ್ತು: ಸುಮಾರು 33,000 ಘನ ಅಡಿ, ಅಂದರೆ ಹತ್ತು ಅಡಿಯ 33 ಘನಗಳು. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಓಣಿಯಲ್ಲಿ ಅದು 330 ಅಡಿ ಉದ್ದ ಓಡಬೇಕು. ನೂರಡಿ ದೂರದಲ್ಲಿ ಸಿಡಿಸಿದ ಮಾಂತ್ರಿಕನ ಮೈಮೇಲೂ ಬೆಂಕಿ ಬರುತ್ತದೆ. ಹಾಗಿದ್ದರೆ ಅಡ್ಡ ಓಣಿಗಳಿಗೆ ಎಷ್ಟು, ತೆರೆದ ಬಾಗಿಲಿನಾಚೆಯ ಕೋಣೆಗೆ ಎಷ್ಟು, ಬಾಗಿಲು ಮುಚ್ಚಿದ್ದರೆ ಎಷ್ಟು? ಡಿಎಂ ನಕ್ಷೆ ಹರಡಿ ಘನ ಅಡಿ ಎಣಿಸುತ್ತ ಕೂರಬೇಕಾಗುತ್ತಿತ್ತು. ಮೂರನೆಯ ಆವೃತ್ತಿ ತ್ರಿಜ್ಯವನ್ನು ಸ್ಥಿರಗೊಳಿಸಿ ಈ ಲೆಕ್ಕಕ್ಕೆ ಕೊನೆ ಹಾಡಿತು. ಆಟಕ್ಕೆ ವೇಗ ಬಂತು, ಸರಿಯೇ. ಆದರೆ ನೆಲಮಾಳಿಗೆಯಲ್ಲಿ ಈ ಮಂತ್ರ ಬಳಸಲು ಇದ್ದ ಭಯ, ಆ ಭಯದಿಂದ ಹುಟ್ಟುತ್ತಿದ್ದ ಉಪಾಯಗಳು ಹೋದವು. ನಿಯಮವನ್ನು ಸರಳಗೊಳಿಸುವಾಗಲೆಲ್ಲ ಹೀಗೆ ಏನನ್ನು ಕಳೆದುಕೊಳ್ಳುತ್ತೇವೆ ಎಂದು ನೋಡಿಕೊಳ್ಳುವುದು ಲೇಸು.

ಅಕ್ಷರವನ್ನೇ ಹಿಡಿದು ಹೊರಟರೆ ಎಲ್ಲಿಗೆ ಮುಟ್ಟುತ್ತೇವೆ ಎನ್ನುವುದಕ್ಕೆ ಆಟಗಾರರ ವಲಯದಲ್ಲಿ ಪ್ರಸಿದ್ಧವಾದ ಒಂದು ವಾದವಿದೆ. ಸಾವಿರಾರು ರೈತರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಸರದಿಯ ಕ್ರಿಯೆಯಿಂದ ಒಂದು ಕೋಲನ್ನು ಪಕ್ಕದವರಿಗೆ ದಾಟಿಸಲಿ. ಆಟದ ಒಂದು ಸುತ್ತು ಆರು ಸೆಕೆಂಡು. ಅಷ್ಟರಲ್ಲಿ ಕೋಲು ಮೈಲಿಗಟ್ಟಲೆ ಸಾಗಿತು, ಆದ್ದರಿಂದ ಕೊನೆಯವನ ಕೈಯಿಂದ ಅದು ಸಿಡಿಗುಂಡಿನಂತೆ ಹಾರಬೇಕು ಎನ್ನುವುದು ವಾದ. ನಿಯಮ ಭೌತಶಾಸ್ತ್ರವಲ್ಲ ಎಂದು 2024ರ ಡಿಎಂ ಕೈಪಿಡಿ ಇಂಥದ್ದಕ್ಕೇ ಉತ್ತರ ಕೊಟ್ಟಿದೆ. ವಾದದ ತಪ್ಪು ಸರಳ. ಕೋಲು ಸಾಗುವವರೆಗೆ ಪುಸ್ತಕದ ನಿಯಮ ಹಿಡಿದು, ಹಾರುವ ಹೊತ್ತಿಗೆ ಅದನ್ನು ಬಿಟ್ಟು ಭೌತಶಾಸ್ತ್ರ ಹಿಡಿಯುತ್ತಾರೆ. ಎರಡರಲ್ಲಿ ಒಂದನ್ನೇ ಕೊನೆಯವರೆಗೆ ಹಿಡಿಯಿರಿ ಎಂದರೆ ಡಿಎಂ ಕೆಲಸ ಮುಗಿಯಿತು.

ಆಟದ ನಡುವೆ ಪ್ರಶ್ನೆ ಎದ್ದಾಗ ಒಂದೆರಡು ನಿಮಿಷದಲ್ಲಿ ಪುಟ ಸಿಗದಿದ್ದರೆ ಆಗಿನ ಮಟ್ಟಿಗೆ ತೀರ್ಪು ಕೊಟ್ಟು ಮುಂದುವರಿಯಬೇಕು. ಆ ತೀರ್ಪನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಆಟ ಮುಗಿದ ಮೇಲೆ ಪುಸ್ತಕ ನೋಡಿ, ಬದಲಿಸುವುದಿದ್ದರೆ ಮುಂದಿನ ಸೆಷನ್ ಶುರುವಾಗುವ ಮುನ್ನ ಎಲ್ಲರಿಗೂ ಹೇಳಬೇಕು. ನಡೆದುಹೋದದ್ದನ್ನು ಹಿಂದಕ್ಕೆ ತಿದ್ದಬಾರದು. ವರ್ಷ ಕಳೆಯುವಷ್ಟರಲ್ಲಿ ಆ ಟಿಪ್ಪಣಿ ಪುಸ್ತಕ ಆ ಮೇಜಿನ ಸ್ವಂತ ಕಾನೂನಾಗುತ್ತದೆ. ಹೊಸಬರು ಸೇರಿದಾಗ ಕೈಗಿಡಬೇಕಾದದ್ದೂ ಅದನ್ನೇ.

ತಮ್ಮ ಮುಂದೆ ಇಟ್ಟುಕೊಂಡ ಪರದೆಯ ಹಿಂದೆ ಬಿದ್ದ ದಾಳವನ್ನು ಡಿಎಂ ಬದಲಿಸಿ ಹೇಳಬಹುದೇ ಎಂಬುದರಲ್ಲಿ ಒಮ್ಮತವಿಲ್ಲ. ಕಥೆ ಕೆಡದಿರಲು ಅಲ್ಲೊಂದು ಇಲ್ಲೊಂದು ಬದಲಿಸಿದರೆ ತಪ್ಪಿಲ್ಲ ಎನ್ನುವವರು ಬಹಳ. ಈ ಲೇಖನದ ಒಲವು ಇನ್ನೊಂದು ಕಡೆಗೆ: ಬರಬಹುದಾದ ಫಲಗಳಲ್ಲಿ ಯಾವುದಾದರೂ ಒಪ್ಪಿಗೆಯಾಗದಿದ್ದರೆ ದಾಳವನ್ನೇ ಹಾಕಬಾರದು, ಹಾಕಿದ ಮೇಲೆ ಬಿದ್ದದ್ದಕ್ಕೆ ತಲೆಬಾಗಬೇಕು.

ಕಾಲದ ಲೆಕ್ಕ

ಕ್ಯಾಂಪೇನಿನಲ್ಲಿ ಸಮಯದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಲೇಬೇಕೆಂದು ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ದೊಡ್ಡಕ್ಷರಗಳಲ್ಲೇ ಅಚ್ಚು ಹಾಕಿಸಿದ. ಇಂದಿನ ಎಷ್ಟೋ ಮೇಜುಗಳು ಕೈಬಿಟ್ಟಿರುವ ಈ ಅಭ್ಯಾಸ ಹಳೆಯ ಆಟದ ಜೀವಾಳವಾಗಿತ್ತು. 1981ರಲ್ಲಿ ಟಾಮ್ ಮೋಲ್ಡ್ವೇ ಸಂಪಾದಿಸಿದ ‘ಬೇಸಿಕ್’ ಪೆಟ್ಟಿಗೆಯನ್ನು ನೋಡಬಹುದು. ನೆಲಮಾಳಿಗೆಯಲ್ಲಿ ಕಾಲವನ್ನು ಹತ್ತು ನಿಮಿಷದ ಸರದಿಗಳಲ್ಲಿ ಎಣಿಸುತ್ತಾರೆ. ಪಂಜು ಆರು ಸರದಿ ಉರಿದು ಆರುತ್ತದೆ. ಆರರಲ್ಲಿ ಒಂದು ಸರದಿ ದಣಿವಾರಿಸಿಕೊಳ್ಳಬೇಕು. ಎರಡು ಸರದಿಗೊಮ್ಮೆ ಡಿಎಂ ಆರು ಮುಖದ ದಾಳ ಹಾಕುತ್ತಾರೆ. 1 ಬಿದ್ದರೆ ಅಲೆಯುವ ಪ್ರಾಣಿಯೋ ಶತ್ರುವೋ ಎದುರಾಗುತ್ತದೆ. ಎದುರಾದವರು ಹಗೆಗಳೇ ಆಗಬೇಕಿಲ್ಲ, ಎರಡು ದಾಳ ಹಾಕಿ ಅವರ ಮನೋಭಾವ ನೋಡುತ್ತಾರೆ. ಗುಪ್ತ ಬಾಗಿಲು ಹುಡುಕಲು ಹತ್ತು ನಿಮಿಷ ಹಿಡಿಯುತ್ತದೆ ಎಂಬ ಒಣ ನಿಯಮ ಹೀಗೆ ಪಂಜಿನ ಬೆಲೆ, ಅಪಾಯ, ಧೈರ್ಯಗಳ ಜೊತೆ ಹೆಣೆದುಕೊಳ್ಳುತ್ತದೆ. ಹುಡುಕೋಣವೇ ಬೇಡವೇ ಎಂಬ ಪ್ರಶ್ನೆಗೆ ಆಗ ತೂಕ ಬರುತ್ತದೆ.

ಐದನೆಯ ಆವೃತ್ತಿಯಲ್ಲಿ ಇದೇ ಸಮಸ್ಯೆ ವಿಶ್ರಾಂತಿಯ ರೂಪದಲ್ಲಿದೆ. ಒಂದು ಗಂಟೆಯ ಕಿರು ವಿಶ್ರಾಂತಿ, ಎಂಟು ಗಂಟೆಯ ದೀರ್ಘ ವಿಶ್ರಾಂತಿ ಎಂದು ಎರಡು. ದೀರ್ಘ ವಿಶ್ರಾಂತಿಯ ಬಳಿಕ ಮಾಂತ್ರಿಕನ ಮಂತ್ರಗಳೆಲ್ಲ ಮರಳುತ್ತವೆ. ದಿನವೊಂದಕ್ಕೆ ಆರರಿಂದ ಎಂಟು ಮುಖಾಮುಖಿಗಳನ್ನು ತಂಡ ತಾಳಬಲ್ಲದು ಎಂಬ ಎಣಿಕೆಯ ಮೇಲೆ 2014ರ ಪುಸ್ತಕದ ಸಮತೋಲ ನಿಂತಿತ್ತು. ಒಂದೇ ಹೋರಾಟ ಮುಗಿಸಿ ಮಲಗುವ ತಂಡಕ್ಕೆ ಆ ಎಣಿಕೆ ಹೊಂದುವುದಿಲ್ಲ. ಮಂತ್ರವಾದಿಗಳು ಎಲ್ಲವನ್ನೂ ಒಂದೇ ಏಟಿಗೆ ಸುರಿದು ಗೆಲ್ಲುತ್ತಾರೆ, ಯೋಧನ ಪಾತ್ರ ಹಿಡಿದವರು ಸುಮ್ಮನೆ ನೋಡುತ್ತ ಕೂರುತ್ತಾರೆ. ಮಲಗಬೇಡಿ ಎಂದು ತಡೆಯುವುದು ಇದಕ್ಕೆ ಮದ್ದಲ್ಲ. ಅವರು ಮಲಗಿದ್ದಾಗ ಲೋಕ ಮಲಗಬಾರದು. ಎಂಟು ಗಂಟೆಯಲ್ಲಿ ಗಾಬ್ಲಿನ್‌ಗಳು ಸತ್ತವರನ್ನು ಎಣಿಸಿ ಕಾವಲು ಹೆಚ್ಚಿಸುತ್ತಾರೆ, ಸೆರೆಯಾಳನ್ನು ಬೇರೆಡೆಗೆ ಸಾಗಿಸುತ್ತಾರೆ.

ಇದನ್ನು ಅಚ್ಚುಕಟ್ಟಾಗಿ ದಾಖಲಿಸುವ ಉಪಾಯ ಬೇರೆ ಆಟಗಳಿಂದ ಬಂತು. ವಿನ್ಸೆಂಟ್ ಬೇಕರ್ ಅವರ ‘ಅಪೊಕ್ಯಾಲಿಪ್ಸ್ ವರ್ಲ್ಡ್’ (2010), ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ (2017) ಆಟಗಳಲ್ಲಿ ಒಂದೊಂದು ಅಪಾಯಕ್ಕೂ ಒಂದು ವೃತ್ತ ಬರೆದು ಗಡಿಯಾರದಂತೆ ಭಾಗ ಮಾಡುತ್ತಾರೆ. ಕಳ್ಳರ ಕೂಟ ಬಂದರನ್ನು ವಶಪಡಿಸಿಕೊಳ್ಳುವ ಹಂಚಿಕೆಗೆ ಆರು ಭಾಗ. ಆಟಗಾರರು ಬೇರೆಡೆ ತಿರುಗುತ್ತಿದ್ದಾಗ ಒಂದೊಂದೇ ಭಾಗ ತುಂಬುತ್ತದೆ. ಸೆಷನ್ ನಡುವೆ ಹತ್ತು ನಿಮಿಷ ಇದಕ್ಕೆ ಸಾಕು, ಅಷ್ಟರಿಂದಲೇ ಲೋಕಕ್ಕೆ ಉಸಿರು ಬರುತ್ತದೆ.

ಪಾತ್ರಗಳನ್ನು ಮುಂದಿನ ಲೆವೆಲ್‌ಗೆ, ಅಂದರೆ ಹೆಚ್ಚಿನ ಬಲದ ಮೆಟ್ಟಿಲಿಗೆ, ಏರಿಸುವ ಅನುಭವದ ಅಂಕಗಳೂ ನಿರ್ವಹಣೆಯ ಸಾಧನವೇ. ಮೊದಲ ಆವೃತ್ತಿಗಳಲ್ಲಿ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ ಸಿಗುತ್ತಿತ್ತು, ಕೊಂದದ್ದಕ್ಕೆ ಸಿಗುತ್ತಿದ್ದದ್ದು ಕಡಿಮೆ. ಹಾಗಾಗಿ ಜಾಣ ತಂಡ ಹೋರಾಟ ತಪ್ಪಿಸಿ ನಿಧಿ ಹಾರಿಸುತ್ತಿತ್ತು. ಎರಡನೆಯ ಆವೃತ್ತಿ ಅದನ್ನು ಐಚ್ಛಿಕವಾಗಿಸಿತು, ಕ್ರಮೇಣ ಕೊಲ್ಲುವುದೇ ಅಂಕದ ದಾರಿಯಾಯಿತು, ಆಟದ ಸ್ವಭಾವವೂ ಬದಲಾಯಿತು. ಈಗ ಎಷ್ಟೋ ಡಿಎಂಗಳು ಅಂಕ ಬಿಟ್ಟು ಕಥೆಯ ಘಟ್ಟಗಳಲ್ಲಿ ಲೆವೆಲ್ ಏರಿಸುತ್ತಾರೆ. ಸುಲಭವೇನೋ ಹೌದು, ಆದರೆ ಬಹುಮಾನದ ಹಗ್ಗ ಪೂರ್ತಿ ಡಿಎಂ ಕೈಗೆ ಬರುವುದರಿಂದ ಅವರು ಎಳೆದತ್ತ ಆಟ ಸಾಗುವ ಅಪಾಯವಿದೆ.

ಕಥೆಯ ಹಾದಿ

1979ರ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಒಂದು ಕೋಟೆ, ಹತ್ತಿರದಲ್ಲಿ ಗುಹೆಗಳು, ಅವುಗಳಲ್ಲಿ ಪರಸ್ಪರ ಹಗೆ ಸಾಧಿಸುವ ಬುಡಕಟ್ಟುಗಳು, ಇಷ್ಟನ್ನು ಕೊಟ್ಟು ಮಿಕ್ಕದ್ದನ್ನು ಮೇಜಿಗೆ ಬಿಟ್ಟ ಸಾಹಸ ಪುಸ್ತಕ. 1984ರಲ್ಲಿ ಶುರುವಾದ ‘ಡ್ರ್ಯಾಗನ್‌ಲ್ಯಾನ್ಸ್’ ಸರಣಿ ಅದಕ್ಕೆ ತದ್ವಿರುದ್ಧ. ಮಹಾಕಥೆಯೊಂದು ಮೊದಲೇ ಸಿದ್ಧ, ಆಟಗಾರರು ಅದರ ವೀರರಾಗಿ ನಡೆಯಬೇಕು. ರೈಲು ಹಳಿ ಬಿಡದಂತೆ ಆಟವನ್ನು ಒಯ್ಯುವ ಈ ಬಗೆಗೆ ಆಡುವವರು ‘ರೈಲ್‌ರೋಡಿಂಗ್’ ಎಂದು ಹೆಸರಿಟ್ಟು ಬಯ್ಯುತ್ತಾರೆ. ಬಯ್ಗುಳ ಪೂರ್ತಿ ನ್ಯಾಯವಲ್ಲ, ಕಥೆಗಾಗಿಯೇ ಬಂದು ಕೂರುವ ಆಟಗಾರರೂ ಇದ್ದಾರೆ. ಆದರೆ ಆಯ್ಕೆ ಇದೆ ಎಂದು ನಂಬಿಸಿ ಇಲ್ಲವಾಗಿಸುವುದು ಮೋಸ.

ಪತ್ತೇದಾರಿ ಸಾಹಸಗಳಲ್ಲಿ ಒಂದು ಸುಳಿವು ತಪ್ಪಿದರೆ ಆಟ ನಿಂತೇ ಹೋಗುತ್ತದೆ. ತೀರ್ಮಾನವೊಂದಕ್ಕೆ ಕನಿಷ್ಠ ಮೂರು ಸುಳಿವುಗಳಿರಲಿ ಎಂದು ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಒಳ್ಳೆಯ ಪರಿಹಾರ. ಮೈಕ್ ಶೇ 2018ರ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಸೆಷನ್‌ಗೆ ಹತ್ತು ಗುಟ್ಟುಗಳನ್ನು ಬರೆದಿಟ್ಟುಕೊಂಡು, ಅವು ಎಲ್ಲಿ ಯಾರಿಂದ ಬಯಲಾಗುತ್ತವೆ ಎಂಬುದನ್ನು ಆಡುವಾಗಲೇ ನಿರ್ಧರಿಸಿ ಎನ್ನುತ್ತಾರೆ. ನೌಕರಿ, ಸಂಸಾರದ ನಡುವೆ ಆಟ ನಡೆಸುವವರಿಗೆ ಇದು ದೊಡ್ಡ ಉಪಕಾರ.

ಮೇಜಿನ ಸುತ್ತಲಿನವರು

ಎಷ್ಟೋ ಜಗಳಗಳು ನಿಯಮದ ವೇಷ ತೊಟ್ಟು ಬರುತ್ತವೆ, ಒಳಗಿರುವುದು ನಿರೀಕ್ಷೆಗಳ ತಿಕ್ಕಾಟ. ಒಬ್ಬರಿಗೆ ಹೋರಾಟ ಬೇಕು, ಇನ್ನೊಬ್ಬರಿಗೆ ಸಂಭಾಷಣೆ. ಆದ್ದರಿಂದ ಮೊದಲ ಆಟಕ್ಕೆ ಮುನ್ನ ಎಲ್ಲರೂ ಕೂತು ಮಾತಾಡುವ ‘ಸೆಷನ್ ಜೀರೋ’ ಪದ್ಧತಿ ಬೆಳೆಯಿತು, 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ನಲ್ಲಿ ಅಧಿಕೃತ ಪುಸ್ತಕದೊಳಕ್ಕೂ ಬಂತು. ಪಾತ್ರ ಸಾಯಬಹುದೇ, ಯಾರಾದರೂ ಬಾರದ ದಿನ ಆಡುವುದೋ ಬಿಡುವುದೋ, ಯಾವ ವಿಷಯಗಳು ಬೇಡವೇ ಬೇಡ, ಇವೆಲ್ಲ ಅಲ್ಲೇ ಇತ್ಯರ್ಥವಾಗಬೇಕು. ಆಟದ ನಡುವೆ ಮನಸ್ಸಿಗೆ ನೋವಾಗುವ ಸಂಗತಿ ಬಂದರೆ ಕಾರಣ ಹೇಳದೆ ಮುಟ್ಟಿ ನಿಲ್ಲಿಸಬಹುದಾದ ‘ಎಕ್ಸ್ ಕಾರ್ಡ್’ ಜಾನ್ ಸ್ಟಾವ್ರೊಪೌಲೋಸ್ ಅವರ ಕೊಡುಗೆ.

2012ರಲ್ಲಿ ಬಂದ ರೋಲ್20ಯಂಥ ತಾಣಗಳು ದೂರದೂರಿನವರನ್ನು ಒಂದೇ ನಕ್ಷೆಯ ಮುಂದೆ ಕೂರಿಸುತ್ತವೆ, ದಾಳವನ್ನೂ ಕೂಡಿಕೆಯನ್ನೂ ತಾವೇ ನೋಡಿಕೊಳ್ಳುತ್ತವೆ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಮೇಜಿನ ಆಟವೂ ನಡೆಯುತ್ತದೆ.

ರಾಕ್ಷಸರು

ಭಾರತದ ಪುರಾಣಗಳು ಈ ಆಟಕ್ಕೆ ಬೇಗನೇ ಕಾಲಿಟ್ಟವು. 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ನಲ್ಲಿ ಇಂದ್ರ, ಅಗ್ನಿ ಮೊದಲಾದವರಿದ್ದಾರೆ. 1977ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ನಲ್ಲಿ ರಾಕ್ಷಸನಿಗೆ ಹುಲಿಯ ತಲೆ. ಮಾಯಾವಿ, ಮಾಂಸಭಕ್ಷಕ, ಸಾಧಾರಣ ಮಂತ್ರಗಳಿಗೆ ಬಗ್ಗದವನು. ಆದರೆ ಪುರೋಹಿತ ಹರಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾಯುತ್ತಾನೆ. ಈ ಬಾಣಕ್ಕೆ ಮೂಲ ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಒಂದು ಕಂತು, ನಮ್ಮ ಯಾವ ಪುರಾಣವೂ ಅಲ್ಲ. ಘಟೋತ್ಕಚನನ್ನೂ ವಿಭೀಷಣನನ್ನೂ ಬಲ್ಲ ಕನ್ನಡದ ಡಿಎಂ ರಾಕ್ಷಸರಿಗೆ ಬಂಧುಬಳಗ, ವಚನನಿಷ್ಠೆ, ರಾಜ್ಯ ಎಲ್ಲವನ್ನೂ ಕೊಡಬಹುದು. ಪುಸ್ತಕ ಹೇಳಿದ್ದನ್ನು ಹೀಗೆ ಬದಲಿಸುವ ಅಧಿಕಾರ ಡಿಎಂಗೆ ಮೊದಲಿನಿಂದಲೂ ಇದೆ. ಆದರೆ ಬದಲಾವಣೆಯ ಸುಳಿವು ಆಟದೊಳಗೆ ಮೊದಲೇ ಸಿಗಬೇಕು: ಹಳೆಯ ಶಾಸನವೊಂದರಲ್ಲೋ, ಗಡಿಯ ಊರಿನ ಮುದುಕಿಯ ಮಾತಿನಲ್ಲೋ. ಪುಸ್ತಕ ನಂಬಿ ಹರಸಿದ ಬಾಣ ಹೊತ್ತು ಬಂದ ಆಟಗಾರನಿಗೆ ಆಗ ವಿಚಾರಿಸಿ ತಿಳಿಯುವ ಅವಕಾಶವಾದರೂ ಇರುತ್ತದೆ.